ಮುಂದೆ ಬಂದರೆ ನಿಲ್ಲುವ ಕುದುರೆ

ಕಾಗದಪತ್ರಗಳಲ್ಲಿ ಆ ಕುದುರೆಗೆ ಮೂರು ಪದದ ಗಂಭೀರ ಹೆಸರಿತ್ತು. ಲಾಯದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅದು ಮೊಂಡ. ನಾಲ್ಕು ವರ್ಷದಲ್ಲಿ ಹನ್ನೊಂದು ರೇಸು ಗೆದ್ದಿತ್ತು, ಅಷ್ಟೂ ಮೂಗಿನಷ್ಟೇ ಅಂತರದಲ್ಲಿ. ಓಡಲಾರದೆ ಅಲ್ಲ, ಉಳಿದವನ್ನೆಲ್ಲ ಹಿಂದೆ ಹಾಕಿದ ಕೂಡಲೇ ಕೆಲಸ ಮುಗಿಯಿತೆಂದುಕೊಂಡು, ಕಿವಿ ನಿಮಿರಿಸಿ ಜನರನ್ನು ನೋಡುತ್ತ ನಿಧಾನಿಸುತ್ತಿತ್ತು.

ಅದನ್ನು ಪಳಗಿಸುತ್ತಿದ್ದವಳು ಅಕ್ಕ, ಸವಾರ ಅವಳ ತಮ್ಮ. ಕೊನೆಯ ನೂರು ಗಜದವರೆಗೂ ಅದನ್ನು ಹಿಂದೆಯೇ ಹಿಡಿದಿಡು ಎಂದು ಹೇಳಿ ಹೇಳಿ ಅಕ್ಕನ ಗಂಟಲು ಹರಿದಿತ್ತು. ಕುದುರೆಗೆ ಹೇಳಿದರೂ ತಮ್ಮನಿಗೆ ಹೇಳಿದರೂ ಒಂದೇ, ಗೋರ್ಕಲ್ಲ ಮೇಲೆ ಮಳೆಗರೆದಂತೆ. ವರ್ಷದ ದೊಡ್ಡ ಕಪ್ ರೇಸಿನಲ್ಲಿ ತಮ್ಮ ತಿರುವಿನಲ್ಲೇ ನುಗ್ಗಿಸಿದ. ಮೊಂಡ ಮುಂದೆ ಬಂತು, ಸುತ್ತ ನೋಡಿತು, ಮೂರನೆಯದಾಯಿತು. ಅಕ್ಕ ಎಂಟು ದಿನ ತಮ್ಮನ ಜೊತೆ ಮಾತು ಬಿಟ್ಟಳು.

ಮರುವರ್ಷ ಅದೇ ಕಪ್ಪಿಗೆ ಮೂರು ದಿನ ಇದ್ದಾಗ, ಬೆಳಿಗ್ಗೆ ಮೊಂಡನ ಎಡಗಾಲು ಮುಟ್ಟಿದ ಅಕ್ಕನ ಕೈಗೆ ಬಿಸಿ ತಾಗಿತು. ಓಡಿಸುವುದು ಬೇಡ ಎಂದಳು. ಕುದುರೆಯ ಮಾಲೀಕ ಹಲ್ಲಿನ ಡಾಕ್ಟರು. ಊತವೇ ಕಾಣುತ್ತಿಲ್ಲವಲ್ಲ ಎಂದು ಹಟ ಹಿಡಿದರು. ಮಧ್ಯಾಹ್ನದವರೆಗೂ ವಾದಿಸಿ ಅಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಡಾಕ್ಟರು ತಮ್ಮನ ಕಡೆ ತಿರುಗಿದರು. ಇನ್ನು ಮುಗಿಯಿತು ಎಂದುಕೊಂಡಳು ಅಕ್ಕ.

"ನಾನು ಹತ್ತಲ್ಲ ಡಾಕ್ಟ್ರೇ," ಎಂದ ತಮ್ಮ. "ಕಾಲು ನೋವು ಅಂತ ಅದು ನಿಲ್ಲೋದಲ್ಲ. ಎಲ್ಲರಿಗಿಂತ ಮುಂದೆ ಬರೋವರೆಗೂ ಓಡತ್ತೆ. ಅಷ್ಟರಲ್ಲಿ ಕಾಲು ಮುರಿದಿರತ್ತೆ."

ಅಕ್ಕ ಆಗಲೇ ಪಶುವೈದ್ಯರಿಗೆ ಫೋನ್ ಮಾಡಿದಳು.

ಸ್ಕ್ಯಾನ್ ಮಾಡಿಸಿದಾಗ ಕಾಲಿನ ಸ್ನಾಯುರಜ್ಜು ಅರ್ಧ ಹರಿದಿರುವುದು ಗೊತ್ತಾಯಿತು. ಮೊಂಡನ ಓಟ ಅಲ್ಲಿಗೆ ಮುಗಿಯಿತು. ಅದನ್ನು ಹುಲ್ಲುಗಾವಲಿಗೆ ಕಳಿಸಲು ವ್ಯಾನ್ ಬಂದ ದಿನ ಅದು ಹತ್ತಲೇ ಇಲ್ಲ. ಎಳೆದರು, ತಳ್ಳಿದರು, ಬೆಲ್ಲ ತೋರಿಸಿದರು. ಅಕ್ಕ ಅದರ ಏಳು ತಲೆಮಾರನ್ನೂ ಜಾಲಾಡಿದಳು. ಸೋತು ಎಲ್ಲರೂ ಚಹಾಕ್ಕೆ ಕೂತಾಗ ಅದು ತಾನೇ ನಡೆದುಹೋಗಿ ಒಳಗೆ ನಿಂತಿತು.

"ಅನಿಷ್ಟ," ಎಂದು ಬಾಗಿಲು ಹಾಕಿದ ಅಕ್ಕ ಅಗುಳಿಯ ಮೇಲಿನ ಕೈ ತೆಗೆಯಲಿಲ್ಲ. ಚಾಲಕ ಎರಡು ಸಲ ಹಾರ್ನ್ ಮಾಡಿದ. ತಮ್ಮ ಬಂದು ಪಕ್ಕದಲ್ಲಿ ನಿಂತ.

"ಬಿಡಕ್ಕ, ಇನ್ಮೇಲೆ ಬೈಯೋಕೆ ನಾನಿದೀನಲ್ಲ."

"ನೀನು ಸಾಲಲ್ಲ ಕಣೋ," ಎಂದು ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.