ಬ್ರೆಡ್ಡಿನ ಡ್ರಾಯರ್

2004ರಲ್ಲಿ ಮಗ ಪ್ರತೀಕ್‌ನಿಗೆ ಹೆಣ್ಣು ಕೇಳಲು ಅವನ ಜೊತೆ ಸಿಡ್ನಿಯಿಂದ ಮೆಲ್ಬರ್ನಿಗೆ ಬಂದ ಪ್ರೇಮಾವತಿ, ಬಂದ ಅರ್ಧ ಗಂಟೆಯಲ್ಲೇ ಬೀಗಿತ್ತಿಯಾಗಬೇಕಿದ್ದ ಈಡಿತ್‌ಳ ಅಡುಗೆಮನೆಗೆ ಕೈಹಾಕಿದಳು. ಸುಮ್ಮನೆ ಕೂತು ಗೊತ್ತಿದ್ದ ಹೆಂಗಸಲ್ಲ. ಚಮಚ ಹುಡುಕುತ್ತ ಡ್ರಾಯರ್ ಎಳೆದರೆ ಕರವಸ್ತ್ರದಲ್ಲಿ ಸುತ್ತಿಟ್ಟ ಬ್ರೆಡ್ ತುಂಡುಗಳು, ಹಸಿರು ಬೂಷ್ಟು! ಪಾಪ, ಎಪ್ಪತ್ತರ ಮುದುಕಿ ಮರೆತಿರಬೇಕೆಂದು ಅಷ್ಟನ್ನೂ ಕಸದ ಬುಟ್ಟಿಗೆ ಸುರಿದಳು.

ಖಾಲಿ ಡ್ರಾಯರ್ ಕಂಡ ಈಡಿತ್ ಕಿರುಚಿದ ಸದ್ದಿಗೆ ಮಗಳು ಮಿರಿಯಮ್ ಓಡಿಹೋಗಿ ಬಾತ್‌ರೂಮಿನ ಚಿಲಕ ಹಾಕಿಕೊಂಡಳು.

ಪ್ರತೀಕ್ ತಾಯಿಯನ್ನು ಹಿತ್ತಲಿಗೆ ಎಳೆದೊಯ್ದ. "ಅಮ್ಮಾ, ಯಾಕೆ ಮುಟ್ಟೋಕೆ ಹೋದೆ?"

"ಬೂಷ್ಟು ಹಿಡಿದಿತ್ತು ಮಾರಾಯ!"

"ಆಂಟಿ ಹತ್ತು ವರ್ಷಕ್ಕೇ ನಾಜಿ ಕ್ಯಾಂಪಲ್ಲಿ ಉಪವಾಸ ಬಿದ್ದಿದ್ರು. ಮನೆಯವ್ರೆಲ್ಲ ಅಲ್ಲೇ ಹೋದ್ರು. ಆ ಬ್ರೆಡ್ ಇಲ್ದಿದ್ರೆ ಇವತ್ತಿಗೂ ನಿದ್ದೆ ಬರಲ್ಲ. ಇನ್ನು ಮದುವೆಗೆ ಒಪ್ಪಿದ ಹಾಗೇ!"

ಮಿರಿಯಮ್ ಎರಡು ಸಲ ಮನೋರೋಗದ ಆಸ್ಪತ್ರೆ ಸೇರಿದ್ದನ್ನು ಮಗ ಮೊದಲೇ ಹೇಳಿದ್ದ. "ನಂಗೆ ಶುಗರ್ ಮಾತ್ರೆ, ಅವಳಿಗೆ ಮನಸ್ಸಿನ ಮಾತ್ರೆ" ಎಂದು ಪ್ರೇಮಾವತಿ ಅಂದೇ ಒಪ್ಪಿದ್ದಳು. ತಾಯಿಯ ಸಂಗತಿ ಮಾತ್ರ ಇವತ್ತೇ ಕೇಳಿದ್ದು.

ಒಳಗೆ ಈಡಿತ್ ನೆಲದ ಮೇಲೆ ಕೂತು ಬುಟ್ಟಿಯಿಂದ ತುಂಡುಗಳನ್ನು ಆರಿಸುತ್ತಿದ್ದಳು. ಮೂವತ್ತು ವರ್ಷ ಉಡುಪಿಯಲ್ಲಿ ಇಂಗ್ಲಿಷ್ ಟೀಚರಾಗಿದ್ದು, ನಿವೃತ್ತಿಯ ಮೇಲೆ ಮಗನ ಮನೆ ಸೇರಿದ್ದ ಪ್ರೇಮಾವತಿಯ ಬಾಯಿಂದ ಬಂದದ್ದು 'ಸಾರಿ' ಒಂದೇ. ಮಂಡಿನೋವನ್ನು ನುಂಗಿಕೊಂಡು ಪಕ್ಕದಲ್ಲೇ ಕೂತಳು.

ಈಡಿತ್ ತಲೆಯೆತ್ತಲಿಲ್ಲ. "ಕೆಟ್ಟದ್ದನ್ನೆಲ್ಲ ಎಸೆಯೋ ಪೈಕಿ ನೀನು. ನನ್ನ ಮಗಳಿಗೆ ಮತ್ತೆ ಹುಷಾರು ತಪ್ಪಿದ್ರೆ?"

ಪ್ರೇಮಾವತಿ ಎದ್ದು ತನ್ನ ಚೀಲದಿಂದ ಒಂದು ಪೊಟ್ಟಣ ತಂದು ಡ್ರಾಯರಿನಲ್ಲಿಟ್ಟಳು. "ನಮ್ಮೂರಿನ ಅಕ್ಕಿ ರೊಟ್ಟಿ. ಒಣಗಿಸಿದ್ದು. ಆರು ತಿಂಗಳಿಟ್ರೂ ಕೆಡುವುದಿಲ್ಲ. ಮುಗೀತಾ ಬಂದ ಹಾಗೆ ಕಳಿಸ್ತೇನೆ."

ಈಡಿತ್ ಒಂದು ತುಂಡು ಮುರಿದು ಕಟಕಟ ಕಡಿದಳು. "ಸಪ್ಪೆ."

"ಕೋಳಿ ಸಾರಿನಲ್ಲಿ ನೆನೆಸಿ ತಿನ್ನಬೇಕು. ಮದುವೆ ಆಗಲಿ, ಮಾಡಿ ಹಾಕ್ತೇನೆ."

"ಆಗುತ್ತೆ ಅಂತ ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ಅವಳಿಗೆ ಹುಷಾರು ತಪ್ಪಿದ್ರೆ ಫೋನ್ ಮಾಡ್ತೇನೆ, ನೀವು ಬನ್ನಿ. ಇಬ್ಬರೂ ಸೇರಿ ನೋಡಿಕೊಳ್ಳುವ. ವಾಪಸ್ ಕಳಿಸುವ ಮಾತೇ ಇಲ್ಲ."

ಬಾತ್‌ರೂಮಿನ ಚಿಲಕ ಸರಿಯಿತು. ಕಣ್ಣೊರೆಸಿಕೊಳ್ಳುತ್ತ ಬಂದು ನಿಂತ ಮಗಳನ್ನು ನೋಡಿ ಈಡಿತ್ ಹಿತ್ತಲ ಬಾಗಿಲಲ್ಲಿದ್ದ ಪ್ರತೀಕ್‌ನತ್ತ ತಿರುಗಿದಳು.

"ಸಿಡ್ನಿಗೆ ಫ್ಲೈಟಲ್ಲಿ ಎಷ್ಟು ಹೊತ್ತು?"

"ಒಂದೂವರೆ ಗಂಟೆ, ಆಂಟಿ" ಎಂದ ಪ್ರತೀಕ್.

ಈಡಿತ್ ಇನ್ನೊಂದು ರೊಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ ತನ್ನ ಹ್ಯಾಂಡ್‌ಬ್ಯಾಗಿಗೆ ತುರುಕಿದಳು.

"ದಾರಿಗೆ ಇರಲಿ" ಎಂದಳು.