ಕೊಳವೆ ಎಳೆಯುವ ಜಾಗ

ಅಮರೇಶ್ ಮೆಕ್ಯಾನಿಕಲ್ ಓದಿ ಬಂದವನು. ಆದರೂ ಚಳ್ಳಕೆರೆಯಲ್ಲಿ ದೊಡ್ಡಪ್ಪ ಸೋಮಶೇಖರಪ್ಪನವರ ಎಣ್ಣೆ ಮಿಲ್ಲಿನಲ್ಲಿ ವರ್ಷಗಟ್ಟಲೆ ಶೇಂಗಾ ಚೀಲ ತೂಗಿಸುತ್ತಿದ್ದ. ಅಪ್ಪ ಹೋದ ಮೇಲೆ ಅನ್ನ ಹಾಕಿದ ಮನೆ, ಬಾಯಿ ಬಿಡುವಂತಿರಲಿಲ್ಲ. ತೊಂಬತ್ತೇಳರಲ್ಲಿ ಮಿಲ್ಲಿಗೆ ರಿಫೈನರಿ ಸೇರಿಸುವ ಮಾತು ಬಂದಾಗ ದೊಡ್ಡಪ್ಪ, "ಹೀಟ್ ಎಕ್ಸ್‌ಚೇಂಜರ್ ನೀನೇ ಆರಿಸು. ಸರಿಯಾಗಿ ನಡೆದ್ರೆ ರಿಫೈನರಿ ನಿನ್ ಕೈಗೆ" ಎಂದುಬಿಟ್ಟರು. ಅವತ್ತು ಅಮರೇಶನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕಾದ ಎಣ್ಣೆಯನ್ನು ಬೋರಿನ ನೀರಿನಿಂದ ತಣಿಸುವ ಯಂತ್ರ ಅದು. ಮನೆಯ ಅಳಿಯ ಸಂಗಮೇಶ್ ತಗಡು ಜೋಡಿಸಿದ ಮಾದರಿಯೇ ಆಗಲಿ ಎಂದು ಪಟ್ಟು ಹಿಡಿದ. ಚಿಕ್ಕದು, ಚೆಂದ, ಬಳ್ಳಾರಿಯಲ್ಲಿ ಯಾರೋ ಹಾಕಿಸಿದ್ದರಂತೆ. ಅಮರೇಶ್ ಬಚ್ಚಲಿನ ಹಂಡೆಯೊಳಗಿಂದ ಕೆರೆದ ಸುಣ್ಣದ ಚಕ್ಕೆ ತಂದು ದೊಡ್ಡಪ್ಪನ ಮುಂದಿಟ್ಟ.

"ನಮ್ ನೀರು ಇಂಥದ್ದು ದೊಡ್ಡಪ್ಪಾ. ಆ ತಗಡಿನ ಸಂದಿ ತಿಂಗ್ಳಲ್ಲಿ ಕಟ್ಕಂತೈತೆ. ಕೊಳವೇದು ಹಾಕ್ಸಾಣ. ಕೊಳವೆ ಕಟ್ಟನ್ನ ಪೂರ್ತಿ ಹೊರಗೆಳ್ದು ಉಜ್ಬೋದು. ಎಳಿಯಾಕೆ ಮುಂದೆ ಹನ್ನೆರಡು ಅಡಿ ಜಾಗ ಮಾತ್ರ ಖಾಲಿ ಬಿಡ್ಬೇಕು."

"ಬಿಟ್ರಾತು ಬಿಡು," ಎಂದರು ದೊಡ್ಡಪ್ಪ.

ಯಂತ್ರ ಬಂದು ಕೂತಿತು. ಹಿಂದೆ ಗೋದಾಮಿನ ಗೋಡೆ, ಮುಂದೆ ಖಾಲಿ ನೆಲ. ಅಮರೇಶ್ ತಂಗಿಯ ಮದುವೆಯ ಓಡಾಟಕ್ಕೆಂದು ರಾಂಪುರಕ್ಕೆ ಹೋಗಿ ತಿಂಗಳು ಬಿಟ್ಟು ಬರುವಷ್ಟರಲ್ಲಿ ಆ ನೆಲದ ಮೇಲೆ ಮನೆದೇವರು ವೀರಭದ್ರನ ಗುಡಿ ಎದ್ದಿತ್ತು. ಈಶಾನ್ಯ ಮೂಲೆ ಅದೇ ಎಂದು ವಾಸ್ತು ನೋಡಿದವರು ಹೇಳಿದ್ದರಂತೆ. ಖಾಲಿ ಜಾಗ ಕಂಡರೆ ಈ ಮನೆಯವರಿಗೆ ಕೈ ಕಡಿಯುತ್ತದೆ.

"ಹನ್ನೆರಡು ಅಡಿ ಅಂದಿದ್ನಲ್ಲ ದೊಡ್ಡಪ್ಪಾ..."

"ಪ್ರತಿಷ್ಠಾಪನೆ ಆಗೈತೆ. ದೇವ್ರನ್ನ ಕಿತ್ತಾಕು ಅಂತೀಯೇನಲೇ?"

ಅಮರೇಶ್ ತಲೆ ತಗ್ಗಿಸಿ ಮಂಗಳಾರತಿ ತೆಗೆದುಕೊಂಡ.

ನೀರು ತನ್ನ ಕೆಲಸ ಮಾಡಿತು. ಸುಣ್ಣ ಕಟ್ಟಿ ಎಣ್ಣೆ ತಣಿಯುವುದು ನಿಂತಾಗ ಕೊಳವೆ ಕಟ್ಟನ್ನು ಎಳೆದರು. ಮೊಳದಷ್ಟು ಬಂದು ಗುಡಿಯ ಗೋಡೆಗೆ ತಾಗಿ ನಿಂತಿತು. ಗುಡಿಯನ್ನು ಪಕ್ಕಕ್ಕೆ ಕಟ್ಟಿಸೋಣ ಎಂದು ಅಮರೇಶ್ ಕೈಮುಗಿದು ಕೇಳಿದ. ದೊಡ್ಡಮ್ಮ ದ್ರಾಕ್ಷಾಯಣಮ್ಮ ಕಿವಿ ಮುಚ್ಚಿಕೊಂಡರು. "ಆಸಿಡ್ ಬಿಟ್ಟು ತೊಳೀರಿ," ಎಂದ ಸಂಗಮೇಶ್. "ಕೊಳವೆ ತೂತಾಗ್ತವೆ ಭಾವ," ಎಂದರೂ ಕೇಳುವವರಿರಲಿಲ್ಲ. ಬಿಟ್ಟರು, ತೂತಾದವು. ನೀರು ಬೆರೆತು ಟ್ಯಾಂಕಿನ ಎಣ್ಣೆಯೆಲ್ಲ ಕೆಟ್ಟಿತು.

"ಓದಿದೋನು ಅಂತ ನಂಬಿದ್ನಲ್ಲ," ಎಂದರು ದೊಡ್ಡಪ್ಪ, ಹಮಾಲರ ಎದುರಿಗೇ. ಅಮರೇಶ್ ಎದುರಾಡಲು ಬಾಯಿ ತೆರೆದ. ತಂಗಿಯ ಮದುವೆ ಮಾಡಿಸಿದವರೂ ಇವರೇ ಎಂಬುದು ನೆನಪಾಗಿ ಮುಚ್ಚಿಕೊಂಡ.

ಈಗ ಅಲ್ಲಿ ಸಂಗಮೇಶನ ತಗಡಿನ ಯಂತ್ರ ಕೂತಿದೆ, ರಿಫೈನರಿಯ ಬೀಗದ ಕೈಯೂ ಅವನ ಸೊಂಟದಲ್ಲೇ ಇದೆ. ತಿಂಗಳಿಗೊಮ್ಮೆ ಯಂತ್ರ ಕಟ್ಟಿಕೊಳ್ಳುತ್ತದೆ. ಆಗ ಯಾರ ತಪ್ಪೂ ಇಲ್ಲ, ನೀರಿನ ತಪ್ಪು. ಅಮರೇಶ್ ಮತ್ತೆ ಚೀಲ ತೂಗಿಸುತ್ತಾನೆ.

ಸೋಮವಾರದ ಪೂಜೆಗೆ ಬಂದ ವ್ಯಾಪಾರಿಗಳಿಗೆ ದೊಡ್ಡಪ್ಪ ತಪ್ಪದೆ ಹೇಳುತ್ತಾರೆ: "ಈ ದೇವ್ರು ಇಲ್ಲಿದ್ದುದ್ಕೆ ಅಷ್ಟಕ್ಕೇ ಹೋತು ನೋಡ್ರಿ. ಇಲ್ಲಾಂದ್ರೆ ನಮ್ ಹುಡುಗ ಮಿಲ್ಲನ್ನೇ ಮುಳುಗಿಸ್ತಿದ್ದ."

ಆಮೇಲೆ ಹಿಂದಕ್ಕೆ ತಿರುಗಿ, "ಲೇ ಅಮರೇಶ, ಎಲ್ರಿಗೂ ಪ್ರಸಾದ ಕೊಡು," ಎನ್ನುತ್ತಾರೆ.

ಅಮರೇಶ್ ಕೊಡುತ್ತಾನೆ.