ಭಾವನವರಿಗಾಗಿ ಹಿಡಿದ ಸೀಟು

ಓಂಕಾರೇಶಪ್ಪನವರನ್ನು ಎಲ್ಲಿಗಾದರೂ ಹೊರಡಿಸಬೇಕೆಂದರೆ ಮೂರು ಸಲ ಕರೆಯಬೇಕು. ಮೊದಲ ಸಲ ಕರೆದರೆ "ನೋಡಾಣ" ಎನ್ನುತ್ತಾರೆ. ಎರಡನೇ ಸಲಕ್ಕೆ ಮಂಡಿನೋವು ಶುರುವಾಗುತ್ತದೆ. ಮೂರನೇ ಸಲ ಅಜ್ಜಂಪುರದ ಅವರ ಮನೆಗೇ ಹೋಗಿ, ಜಗಲಿಯಲ್ಲಿ ಕೂತು ಕಾಫಿ ಕುಡಿದು, "ನೀವಿಲ್ದಿದ್ರೆ ನಮಗೆ ಕೈಕಾಲೇ ಆಡಲ್ಲ ಭಾವ" ಎಂದಮೇಲೆ ಒಪ್ಪುತ್ತಾರೆ. ಅಷ್ಟರಲ್ಲಿ ಅವರ ಸೂಟ್‌ಕೇಸು ಒಳಗೆ ತುಂಬಿ ನಿಂತಿರುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಕರೆಯಬೇಕು. ತರೀಕೆರೆಯ ಸೋಮಶೇಖರಪ್ಪನಿಗೆ ಅವರು ಅಕ್ಕನ ಗಂಡ. ಮನೆಯ ಅಳಿಯನಾದವನು ಒಂದೇ ಮಾತಿಗೆ ಬಂದುಬಿಟ್ಟರೆ ಮರ್ಯಾದೆ ಎಲ್ಲಿ ಉಳಿಯಿತು?

ಈ ಬಿಗುಮಾನ ಮುಗಿಯುವವರೆಗೆ ಅವರ ಜಾಗವನ್ನು ಯಾರಾದರೂ ಕಾಯಬೇಕಲ್ಲ, ಆ ಕೆಲಸ ಸೋಮಶೇಖರಪ್ಪನ ಹೆಂಡತಿ ಮಲ್ಲಿಕಾಂಬಳದು.

ಸೋಮಶೇಖರಪ್ಪನದು ತೆಂಗಿನ ನಾರಿನ ಪುಡಿಯನ್ನು ಒತ್ತಿ ಇಟ್ಟಿಗೆ ಮಾಡಿ ದೂರದ ಊರುಗಳ ನರ್ಸರಿಗಳಿಗೆ ಕಳಿಸುವ ಕಂಪನಿ. ಆಡಿಟರ್ ಹೇಳಿದರೆಂದು ಮಲ್ಲಿಕಾಂಬಳನ್ನು ಅದಕ್ಕೆ ನಿರ್ದೇಶಕಿ ಮಾಡಿದ್ದರು. ತೋರಿಸಿದ ಜಾಗದಲ್ಲಿ ಸಹಿ ಹಾಕುವುದು ಅವಳ ನಿರ್ದೇಶನ. ವರ್ಷಕ್ಕೊಮ್ಮೆ ಉತ್ತರದ ಯಾವುದಾದರೂ ಊರಿನಲ್ಲಿ ತೋಟಗಾರಿಕೆ ಮೇಳ ನಡೆಯುತ್ತಿತ್ತು. ಆಗ ಸೋಮಶೇಖರಪ್ಪ ಕಡೂರಿನ ಬಸ್ ಸ್ಟ್ಯಾಂಡಿನ ಪಕ್ಕ ಟ್ರಾವೆಲ್ಸ್ ಇಟ್ಟಿರುವ ಅತೀಯಾಳಿಗೆ ಫೋನು ಹಚ್ಚುತ್ತಿದ್ದ. "ವಿಮಾನದಲ್ಲಿ ಮೂರು ಸೀಟು ಹಿಡಿದಿಡಮ್ಮ. ನಾನು, ಮ್ಯಾನೇಜರ್ ಕಲ್ಲೇಶ್, ಇನ್ನೊಂದಕ್ಕೆ ಸದ್ಯಕ್ಕೆ ಮಲ್ಲಿಕಾಂಬ ಅಂತ ಬರ್ಕೊಂಡಿರು."

ಅತೀಯಾ ತನ್ನ ಪರಿಚಯದ ಬಲದಿಂದ, ಹೆಸರನ್ನು ಆಮೇಲೂ ಬದಲಾಯಿಸಬಹುದಾದ ಗುಂಪಿನ ಸೀಟುಗಳ ಜೊತೆ ಸೇರಿಸಿ ಹಿಡಿದಿಡುತ್ತಿದ್ದಳು. ಅಳಿಯದೇವರು ಒಪ್ಪಿದ ದಿನ ಇನ್ನೊಂದು ಫೋನು ಹೋಗುತ್ತಿತ್ತು. "ಮಲ್ಲಿಕಾಂಬ ತೆಗೆದು ಭಾವನ ಹೆಸರು ಹಾಕು." ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರಲ್ಲ, ಹಾಗೆ. ಟವೆಲ್ಲಿಗೆ ಊರು ನೋಡುವ ಆಸೆ ಇದೆಯೇ ಎಂದು ಯಾರೂ ಕೇಳುವುದಿಲ್ಲ.

ಮಲ್ಲಿಕಾಂಬಳಿಗೆ ಆಸೆ ಇತ್ತು. ತೊಂದರೆಯೆಲ್ಲ ಅದರಿಂದಲೇ. ಮೊದಲ ವರ್ಷ ದೆಹಲಿ ಎಂದಾಗ ಎರಡು ಹೊಸ ಸೀರೆಗೆ ಫಾಲ್ ಹೊಲಿಸಿದ್ದಳು. ಮರುವರ್ಷ ಅಹಮದಾಬಾದ್ ಎನ್ನುವಷ್ಟರಲ್ಲಿ ಬುದ್ಧಿ ಬಂದಿತ್ತು, ಏನೂ ಹೊಲಿಸಲಿಲ್ಲ. ಆದರೆ ತನ್ನ ಹೆಸರು ಆ ಸೀಟಿನ ಮೇಲಿದ್ದಷ್ಟು ದಿನವೂ, ಅನ್ನ ಬಸಿಯುವಾಗ, ಹೂ ಕಟ್ಟುವಾಗ, ಒಳಗೊಬ್ಬಳು ಚಪ್ಪಲಿ ಮೆಟ್ಟಿ ಹೊರಟು ನಿಂತಿರುತ್ತಿದ್ದಳು. ಅವಳಿಗೆ ಎಷ್ಟು ಹೇಳಿದರೂ ತಿಳಿಯುತ್ತಿರಲಿಲ್ಲ. ಹೆಸರು ತೆಗೆದ ದಿನ ಅವಳನ್ನು ಒಳಕ್ಕೆ ಕರೆದು ಕೂರಿಸಿ, ಗಂಡಸರ ಪ್ರಯಾಣಕ್ಕೆ ಚಕ್ಕುಲಿ ಕರಿಯುವುದು ಮಲ್ಲಿಕಾಂಬಳ ಪಾಲಿಗೆ ಬರುತ್ತಿತ್ತು.

ಈ ವರ್ಷ ಮೇಳ ಕೊಲ್ಕತ್ತಾದಲ್ಲಿ. ಅಷ್ಟರಲ್ಲಿ ಓಂಕಾರೇಶಪ್ಪನವರು ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಕಾರ್ಯಾಗಾರಕ್ಕೆ ಹೋಗಿ, ಎರಡು ಹೊತ್ತು ಊಟ ಮಾಡಿ, 'ಟ್ರಾವೆಲ್ ಪ್ರೋಗ್ರಾಂ' ಎಂಬುದನ್ನು ಹೊತ್ತು ತಂದರು. ವರ್ಷಕ್ಕೊಮ್ಮೆ ಮೂವರು ಹೋಗಿಬರುವ ಕಂಪನಿಗೆ ಪ್ರಯಾಣ ನೀತಿ, ಪ್ರಯಾಣ ಸಮಿತಿ, ಒಬ್ಬ ಅಧ್ಯಕ್ಷ. ಅಧ್ಯಕ್ಷರು ಯಾರೆಂದು ಹೇಳಬೇಕಿಲ್ಲ.

"ಇನ್ಮೇಲೆ ಅತೀಯಾ ಗಿತೀಯಾ ಬೇಡ ಕಣೋ ಸೋಮ. ಲೋಕ ಎಲ್ಲಿಗೋ ಹೋಯ್ತು. ವಿಮಾನದ ಕಂಪನಿನೇ ನೇರ ನಮ್ ಹತ್ರ ಮಾತಾಡ್ತದೆ. ಯಾರು ಹೋಗ್ತಾರೆ, ಅವ್ರಿಗೇನು ಇಷ್ಟ, ಎಲ್ಲಾ ತಿಳ್ಕೊಂಡು ಅವ್ರಿಗಂತ್ಲೇ ರೇಟು ಕಟ್ಕೊಡ್ತದೆ. ಇದಕ್ಕೆ ಆಫರ್ ಅಂತಾರೆ."

"ಮೊದ್ಲು ಏನಂತಿದ್ರು ಭಾವ?"

"ಟಿಕೆಟ್ಟು."

ಸೋಮಶೇಖರಪ್ಪ ದಾಕ್ಷಿಣ್ಯಕ್ಕೆ ಅತೀಯಾಳಿಗೆ ಫೋನು ಮಾಡಿ ವಿಷಯ ತಿಳಿಸಿದ. "ಆಗ್ಲಿ ಅಣ್ಣ, ಬೇಜಾರೇನಿಲ್ಲ" ಎಂದಳು ಅವಳು. "ಆದ್ರೆ ಅದ್ರಲ್ಲಿ ಹೆಸರು ಹಾಕಿ ದುಡ್ಡು ಕಟ್ಟಿದ್ರೆ ಮುಗೀತು. ನನ್ ತರ ಸೀಟು ಹಿಡ್ಕೊಂಡು ಕಾಯೋರು ಅಲ್ಲಿ ಯಾರೂ ಇಲ್ಲ, ಜ್ಞಾಪಕ ಇಟ್ಕೊಳ್ಳಿ."

ಸ್ಪೀಕರಿನಲ್ಲಿ ಕೇಳಿಸಿಕೊಂಡ ಓಂಕಾರೇಶಪ್ಪ ನಕ್ಕರು. "ಹೊಟ್ಟೆಕಿಚ್ಚು."

ಆಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ತಾವೇ ಬುಕ್ ಮಾಡಲು ಕೂತರು. ಆದರೆ ಮೂರನೇ ಹೆಸರಿನ ಹತ್ತಿರ ಬೆರಳು ನಿಂತಿತು. ತಮ್ಮ ಹೆಸರನ್ನು ತಾವೇ ಹಾಕಿಕೊಳ್ಳುವುದು ಹೇಗೆ, ಇನ್ನೂ ಯಾರೂ ಕರೆದೇ ಇಲ್ಲ! ಅವರು ಭಾವಮೈದುನನ ಮುಖ ನೋಡಿದರು, ಅವನು ಸೂರು ನೋಡಿದ. "ಸದ್ಯಕ್ಕೆ ಮಲ್ಲಿಕಾಂಬ ಅಂತ ಹಾಕಾಣ" ಎಂದಿತು ಸಮಿತಿ.

ಪ್ರಯಾಣಿಕರು ತಮ್ಮ ವಿವರವನ್ನು ತಮ್ಮ ತಮ್ಮ ಫೋನಿನಲ್ಲೇ ತುಂಬಬೇಕೆಂಬುದು ಹೊಸ ನಿಯಮ. ಮಲ್ಲಿಕಾಂಬ ಒಲೆ ಸಣ್ಣಗೆ ಮಾಡಿ ಅಡುಗೆಮನೆಯ ಮಣೆಯ ಮೇಲೆ ಕೂತಳು. ಕಿಟಕಿ ಪಕ್ಕವೋ, ಓಡಾಡುವ ದಾರಿಯ ಪಕ್ಕವೋ? ಊಟ ಯಾವ ಬಗೆಯದು? ಕುಡಿಯಲು ಏನು ಇಷ್ಟ? ಅವಳು ಪ್ರಶ್ನೆಗಳನ್ನು ನೋಡುತ್ತಾ ಕೂತುಬಿಟ್ಟಳು. ಈ ಮನೆಯಲ್ಲಿ ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಸಾರಿನಲ್ಲಿ ಬೆಳ್ಳುಳ್ಳಿ ಆಗದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ತನಗೇನು ಇಷ್ಟ ಎಂದರೆ ಉತ್ತರ ತಕ್ಷಣ ಹೊಳೆಯಲಿಲ್ಲ. ಮದುವೆಯಾದಂದಿನಿಂದ ಯಾರೂ ಕೇಳದ ಪ್ರಶ್ನೆ.

"ಆಯ್ತೇನಮ್ಮ? ಏನಾದ್ರೂ ಒತ್ತಾಕು" ಎಂದು ಹೊರಗಿನಿಂದ ಓಂಕಾರೇಶಪ್ಪ ಕೂಗಿದರು. "ಹೆಂಗಿದ್ರೂ ಆಮೇಲೆ ಬದಲಾಯಿಸೋದೇ."

ಅವಳು ಏನಾದರೂ ಒತ್ತಲಿಲ್ಲ. ಯೋಚಿಸಿ ಕಿಟಕಿ ಒತ್ತಿದಳು, ಯೋಚಿಸಿ ನಿಂಬೆ ಚಹಾ ಒತ್ತಿದಳು. ಸ್ವಲ್ಪ ಹೊತ್ತಿಗೆ ಫೋನು ಮಿಣುಕಿತು: 'ಮಲ್ಲಿಕಾಂಬ, ಇದು ನಿಮಗಾಗಿ.' ಕಿಟಕಿಯ ಸೀಟು, ನಿಂಬೆ ಚಹಾ, ಎಲ್ಲ ಸೇರಿ ಇಷ್ಟು ರೂಪಾಯಿ. ಕಂಪನಿಯ ಖಾತೆಯಿಂದ ದುಡ್ಡು ಕಟ್ಟಿಯೂ ಆಯಿತು. ಇದು ಅಂಗಡಿಯವನ ಪ್ರೀತಿ ಎಂದು ತಿಳಿಯದಷ್ಟು ಪೆದ್ದಿಯಲ್ಲ ಅವಳು. ಆದರೆ ಅಂಗಡಿಯವನಾದರೂ ಕೇಳಿದನಲ್ಲ ಎಂದುಕೊಂಡಳು. ಒಳಗಿನವಳು ಮತ್ತೆ ಚಪ್ಪಲಿ ಹುಡುಕತೊಡಗಿದಳು.

ಸೋಮಶೇಖರಪ್ಪ ಪದ್ಧತಿಯಂತೆ ಮೂರು ಸಲ ಕರೆದ. ಮಂಡಿನೋವು ಬಂತು, ಹೋಯಿತು. ಹೊರಡಲು ಎರಡು ದಿನವಿದೆ ಎನ್ನುವಾಗ ಓಂಕಾರೇಶಪ್ಪನವರು ಒಪ್ಪಿ ಸೂಟ್‌ಕೇಸಿನೊಂದಿಗೆ ತರೀಕೆರೆಗೆ ಬಂದಿಳಿದರು. ಹೆಸರು ಬದಲಾಯಿಸಲು ಕೂತರೆ ಲ್ಯಾಪ್‌ಟಾಪ್ ಒಪ್ಪಲಿಲ್ಲ. ಸಹಾಯವಾಣಿಗೆ ಫೋನು ಮಾಡಿದರು.

"ಸರ್, ಇದು ಮಲ್ಲಿಕಾಂಬ ಅವರಿಗಾಗಿಯೇ ತಯಾರಾದ ಆಫರ್. ಬೇರೆಯವರಿಗೆ ಕೊಡೋಕೆ ಬರಲ್ಲ" ಎಂದಿತು ಒಂದು ಹುಡುಗಿಯ ದನಿ.

"ನಮ್ಮನೆಯೋರೇ ಕಣಮ್ಮ ಅವ್ರು!"

"ಹಾಗಾದ್ರೆ ಅವರಿಗೆ ನಮ್ಮ ಕಡೆಯಿಂದ ಶುಭಪ್ರಯಾಣ ಹೇಳಿ ಸರ್."

ಒಂದು ಪ್ರಯಾಣಕ್ಕೆ ಮೂವರಿಗಿಂತ ಹೆಚ್ಚು ಜನ ಹೋಗುವಂತಿಲ್ಲ ಎಂದು ಸಮಿತಿಯ ನೀತಿಯೇ ಹೇಳುತ್ತಿತ್ತು. ಇನ್ನುಳಿದದ್ದು ಒಂದೇ ದಾರಿ. ಅವಳ ಟಿಕೆಟ್ಟು ರದ್ದು ಮಾಡಿ ಭಾವನವರಿಗೆ ಹೊಸದು ಕೊಳ್ಳುವುದು. ರದ್ದಾದರೆ ಕಟ್ಟಿದ್ದರಲ್ಲಿ ಒಂದು ಬಿಡಿಗಾಸೂ ವಾಪಸ್ಸಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಲ್ಲಿಕಾಂಬ ಗಂಡ ಈಗ ಹೌಹಾರುತ್ತಾನೆಂದು ಕಾದಳು. ಕೊತ್ತಂಬರಿ ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ ಜಗಳವಾಡುವ ಮನುಷ್ಯ.

"ಹೋದ್ರೆ ಹೋಗ್ಲಿ ಬಿಡಿ ಭಾವ, ದುಡ್ಡೇನು" ಎಂದ ಸೋಮಶೇಖರಪ್ಪ.

ಇಷ್ಟು ವರ್ಷ ನಾಲ್ಕನೇ ಟಿಕೆಟ್ಟಿನ ದುಡ್ಡು ಉಳಿಸಲು ತನ್ನನ್ನು ಬಿಟ್ಟು ಹೋಗುತ್ತಾರೆಂದು ಮಲ್ಲಿಕಾಂಬ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ದುಡ್ಡು ಕಳೆದುಕೊಂಡೂ ಬಿಟ್ಟು ಹೋಗಬಲ್ಲರು ಎಂಬುದು ಈಗಷ್ಟೇ ಗೊತ್ತಾದದ್ದು.

"ನಿನ್ ಫೋನಿಗೆ ಓಟಿಪಿ ಬತ್ತದೆ, ಹೇಳೇ" ಎಂದ ಗಂಡ. ಪ್ರಯಾಣಿಕರ ಒಪ್ಪಿಗೆ ಇಲ್ಲದೆ ಯಾವುದೂ ರದ್ದಾಗಬಾರದು ಎಂಬ ನಿಯಮವನ್ನು ಸಮಿತಿಯ ಅಧ್ಯಕ್ಷರೇ ಕೇಳಿ ಹಾಕಿಸಿದ್ದರು. ತಮ್ಮ ಸೀಟನ್ನು ಯಾರೂ ಮುಟ್ಟದಿರಲೆಂದು.

ಫೋನು ಮಿಣುಕಿತು.

"ಬಂತಾ?"

"ಬಂತು."

"ಹೇಳು ಮತ್ತೆ."

"ನಾನು ಹೋಗ್ತೀನಿ ಕಣ್ರೀ."

ಮಾತು ಸಂತೆಗೆ ಹೋಗಿಬರುತ್ತೇನೆ ಎಂಬಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ.

"ಏನೇ ಹಂಗಂದ್ರೆ? ಭಾವ ಏನಂದ್ಕೋತಾರೆ?"

"ಇಲ್ಲೇ ಕೂತವ್ರಲ್ಲ, ಕೇಳಿ."

ಸೋಮಶೇಖರಪ್ಪ ಕೇಳಲಿಲ್ಲ. ಓಂಕಾರೇಶಪ್ಪ ಟೀಪಾಯಿಯ ಮೇಲೆ ಆಗಲೇ ಆರಿಹೋಗಿದ್ದ ಕಾಫಿಯನ್ನು ಮತ್ತೆ ಆರಿಸಿ ಆರಿಸಿ ಕುಡಿದರು. ಓಟಿಪಿಯ ಗಡುವು ಮೀರಿ ಲ್ಯಾಪ್‌ಟಾಪ್ ಮತ್ತೆ ಕಳಿಸಲೇ ಎಂದು ಕೇಳಿತು.

"ನಾನೇನು ಬತ್ತೀನಿ ಅಂತ ಹಟ ಹಿಡಿದಿದ್ನೇನೋ?" ಎಂದರು ಕೊನೆಗೆ ಓಂಕಾರೇಶಪ್ಪ. "ಮೂರು ಸಲ ಬಂದು ಕೈಕಾಲು ಹಿಡಿದೋನು ನೀನು. ಈ ಮಂಡಿ ಇಟ್ಕೊಂಡು ಯಾವ ಕೊಲ್ಕತ್ತಾ!" ಇನ್ನೊಂದು ಗುಟುಕು ಒಳಗೆ ಹೋಗುವಷ್ಟರಲ್ಲಿ ದನಿ ಗಟ್ಟಿಯಾಯಿತು. "ಹೆಣ್ಮಕ್ಳು ಮುಂದೆ ಬರ್ಲಿ ಅಂತ್ಲೇ ಕಣೋ ನಾನು ಈ ಪ್ರೋಗ್ರಾಂ ತಂದಿದ್ದು. ನಿಂಗೆಲ್ಲಿ ತಿಳೀಬೇಕು."

"ನೀವು ಹೇಳಿದ್ಮೇಲೆ ಸರಿಯೇ ಅಣ್ಣ" ಎಂದಳು ಮಲ್ಲಿಕಾಂಬ. ಕೀರ್ತಿ ಅವರೇ ಒಯ್ಯಲಿ. ಅದಕ್ಕೆ ಸೀಟು ಬೇಕಾಗುವುದಿಲ್ಲ.

ಮಾರನೆಯ ದಿನ ಫ್ಯಾಕ್ಟರಿಯ ಅಂಗಳದಲ್ಲಿ ಸಭೆ ಸೇರಿತು. ಮಹಿಳೆಯರನ್ನು ವಿಮಾನ ಹತ್ತಿಸುವ ತಮ್ಮ ಯೋಜನೆಯ ಬಗ್ಗೆ ಓಂಕಾರೇಶಪ್ಪನವರು ಬಹಳ ಹೊತ್ತು ಮಾತಾಡಿದರು. ಮಲ್ಲಿಕಾಂಬಳಿಗೆ ಹೂಗುಚ್ಛ ಕೊಟ್ಟು ಫೋಟೋಗೆ ನಿಂತರು. ನಾರು ಬಿಡಿಸುವ ತಿಪ್ಪಮ್ಮ ಪಕ್ಕದಲ್ಲಿ ಬಂದು ಪಿಸುಗುಟ್ಟಿದಳು. "ಹೆದ್ರಿಕೆ ಆಗ್ತದೇನ್ರವ್ವಾ?"

"ಆಗ್ತದೆ ಕಣೇ" ಎಂದಳು ಮಲ್ಲಿಕಾಂಬ. ಅದೂ ನಿಜವೇ.

ವೇದಿಕೆಯ ಮೇಲೆ ಮಾತು ಈಗ ಪ್ರಯಾಣ ವೆಚ್ಚದ ಮಿತವ್ಯಯಕ್ಕೆ ಬಂದಿತ್ತು. ಸೋಮಶೇಖರಪ್ಪ ತಲೆದೂಗುತ್ತಿದ್ದ. ಸೆರಗಿನ ಮರೆಯಲ್ಲಿ ಫೋನು ಅದುರಿತು: 'ಮಲ್ಲಿಕಾಂಬ, ಕಾಲು ಚಾಚಲು ಇನ್ನಷ್ಟು ಜಾಗ ಬೇಕೇ? ಹೆಚ್ಚುವರಿ ಹಣ ನಿಮ್ಮ ಕಂಪನಿಯ ಖಾತೆಗೆ.'

ಅವಳು ಎರಡು ಸಲ ಓದಿದಳು. ಗಂಡನ ಕಡೆ ಒಮ್ಮೆ ನೋಡಿ, ಹೂಗುಚ್ಛವನ್ನು ಎಡಗೈಗೆ ಬದಲಾಯಿಸಿಕೊಂಡು, 'ಬೇಕು' ಎಂಬುದನ್ನು ಒತ್ತಿದಳು.